ಲಕ್ಷದ್ವೀಪ: ಸಂಸದರಿದ್ದಾರೆ, ಆದರೆ ಶಾಸನಸಭೆ ಇಲ್ಲ
ಅರಬ್ಬಿ ಸಮುದ್ರದಲ್ಲಿರುವ ಲಕ್ಷದ್ವೀಪ ದೇಶದ ಅತಿ ಚಿಕ್ಕ ಕೇಂದ್ರಾಡಳಿತ ಪ್ರದೇಶ. ವಿಸ್ತೀರ್ಣ ಕೇವಲ 32 ಚದರ ಕಿಲೋಮೀಟರ್. 36 ದ್ವೀಪಗಳ ಪೈಕಿ ಜನವಸತಿ ಇರುವುದು 10ರಲ್ಲಿ ಮಾತ್ರ. 2011ರ ಜನಗಣತಿ ಪ್ರಕಾರ ಜನಸಂಖ್ಯೆ 64,473. ತೆಂಗು ಮತ್ತು ಟ್ಯೂನಾ ಮೀನುಗಾರಿಕೆಯೇ ಮುಖ್ಯ ಜೀವನಾಧಾರ.

ಈ ದ್ವೀಪಗಳಿಗೂ ಕರಾವಳಿ ಕರ್ನಾಟಕಕ್ಕೂ ಹಳೆಯ ನಂಟಿದೆ. ಅಮಿನಿ, ಕದ್ಮತ್, ಕಿಲ್ತಾನ್ ಸೇರಿದಂತೆ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕೆನರಾ ಜಿಲ್ಲೆಯಲ್ಲಿದ್ದವು. ಇಂದಿಗೂ ಮಂಗಳೂರು ಹಳೆ ಬಂದರಿನಿಂದ ಅಲ್ಲಿಗೆ ಸರಕು ಸಾಗುತ್ತದೆ.

ಲೋಕಸಭೆಗೆ ಒಬ್ಬ ಸಂಸದರನ್ನು ಕಳುಹಿಸುವ ಲಕ್ಷದ್ವೀಪಕ್ಕೆ ಸ್ವಂತ ವಿಧಾನಸಭೆ ಇಲ್ಲ. ರಾಷ್ಟ್ರಪತಿ ನೇಮಿಸುವ ಆಡಳಿತಾಧಿಕಾರಿಯದ್ದೇ ಅಲ್ಲಿ ಅಧಿಕಾರ. 2021ರಲ್ಲಿ ಭೂಮಿ ಕುರಿತ ಕರಡು ನಿಯಮ ಪ್ರಕಟವಾದಾಗ ಅದನ್ನು ಚರ್ಚಿಸಲು ಸದನವಿರಲಿಲ್ಲ. ದ್ವೀಪವಾಸಿಗಳು ಮನೆಗಳಲ್ಲೇ ಉಪವಾಸ ಕುಳಿತು ಪ್ರತಿಭಟಿಸಿದರು. ಪ್ರವಾಸೋದ್ಯಮದ ಯೋಜನೆಗಳು ಎಷ್ಟೇ ಬರಲಿ, ತಮ್ಮ ನೆಲದ ಬಗ್ಗೆ ಮಾತನಾಡಲು ಜನರಿಗೆ ವೇದಿಕೆ ಸಿಗದಿದ್ದರೆ ಅನುಮಾನ ಕರಗದು.