ಊರನ್ನ ಅರ್ಧ ಮಾರೋಕಾಗುತ್ತಾ?

"ಎಕರೆಗೆ ಕೋಟಿಗಟ್ಟಲೆ ಸಿಗುತ್ತಂತೆ, ಕೊಟ್ಟು ಆರಾಮಾಗಿ ಇರೋಕೇನು ಕಷ್ಟ ಈ ರೈತರಿಗೆ?"

ದೇವನಹಳ್ಳಿ ವಿಷಯ ಬಂದಾಗಲೆಲ್ಲ ಬೆಂಗಳೂರಿನ ನಮ್ಮಂಥವರ ಬಾಯಲ್ಲಿ ಬರೋ ಮೊದಲನೇ ಮಾತು ಇದು. ಎರಡನೇ ಮಾತು, "ಹೋಗ್ಲಿ ಬಿಡಿ, ಈಗ ಸರ್ಕಾರ ಕೈಬಿಟ್ಟಿದೆಯಲ್ಲ, ಇಷ್ಟ ಇದ್ದೋರು ಮಾತ್ರ ಕೊಡ್ತಾರೆ." ನನಗೆ ಮೊದಲನೇದಕ್ಕಿಂತ ಈ ಎರಡನೇ ಮಾತೇ ಹೆಚ್ಚು ಅಪಾಯದ್ದು ಅನ್ನಿಸುತ್ತೆ.

ಮರೆತವರಿಗೆ ಸ್ವಲ್ಪ ನೆನಪು ಮಾಡ್ತೀನಿ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ 2021ರಲ್ಲಿ ಕೆಐಎಡಿಬಿ ಕೈ ಹಾಕಿತು. ಏರೋಸ್ಪೇಸ್ ಪಾರ್ಕಿಗೆ ಬೇಕು ಅಂತ. ಪೋಲನಹಳ್ಳಿ, ಹರಳೂರು, ನಲ್ಲೂರು, ಮಟ್ಟಬಾರ್ಲು, ಹ್ಯಾಡಾಳ... ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ ಬೆಳೆಯೋ ಊರುಗಳು. 2022ರ ಏಪ್ರಿಲ್ 4ಕ್ಕೆ ಧರಣಿ ಕೂತ ಜನ ಎದ್ದಿದ್ದು 2025ರ ಜುಲೈ 15ಕ್ಕೆ. 1,198 ದಿನ! ಶುರು ಮಾಡಿದ್ದು ಒಂದು ಪಕ್ಷದ ಸರ್ಕಾರ, ಮುಂದುವರಿಸಿದ್ದು ಇನ್ನೊಂದರದ್ದು. 2025ರ ಜೂನ್ 25ರಂದು ಪ್ರತಿಭಟನಾಕಾರರನ್ನ ಪೊಲೀಸರು ಎತ್ತಿಕೊಂಡು ಹೋದಾಗ ಅಧಿಕಾರದಲ್ಲಿದ್ದವರು, ವಿರೋಧ ಪಕ್ಷದಲ್ಲಿದ್ದಾಗ ಇದೇ ರೈತರ ಪರ ಮಾತಾಡಿದವರು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಟ್ಟಿದ್ದೇವೆ ಅಂತ ಘೋಷಿಸಿದರು. ಜೊತೆಗೇ ಒಂದು ಬಾಲ ಇತ್ತು: ಸ್ವಇಚ್ಛೆಯಿಂದ ಕೊಡುವವರು ಕೊಡಬಹುದು, ಅವರಿಗೆ ಹೆಚ್ಚು ಪರಿಹಾರ.

ಕೇಳೋಕೆ ನ್ಯಾಯವಾಗೇ ಇದೆ. ಅವರ ಜಮೀನು, ಅವರಿಷ್ಟ. ಅಲ್ವಾ?

ಆದ್ರೆ ಊರು ಅನ್ನೋದು ಬರೀ ಸರ್ವೆ ನಂಬರುಗಳ ಮೊತ್ತ ಅಲ್ಲ ಸ್ವಾಮಿ. ಹಾಲಿನ ಡೇರಿಯನ್ನೇ ತಗೊಳ್ಳಿ. ಊರಲ್ಲಿ ಸಾಕಷ್ಟು ಹಸು ಇದ್ರೆ ಡೇರಿ ನಡೆಯುತ್ತೆ. ಅರ್ಧ ಜನ ಜಮೀನು ಕೊಟ್ರೆ ಮೇವೂ ಅರ್ಧ, ಹಾಲೂ ಅರ್ಧ. ಆಮೇಲೆ ಹಾಲಿನ ಗಾಡಿ ಯಾಕಾದ್ರೂ ಬರುತ್ತೆ? ಮಕ್ಕಳು ಕಮ್ಮಿಯಾದ ಶಾಲೆಯ ಗತಿ ಏನಾಗುತ್ತೆ ಅಂತ ನಿಮಗೇ ಗೊತ್ತು. ಮೇಲಿನ ಹೊಲಕ್ಕೆ ಕಾಂಪೌಂಡ್ ಎದ್ರೆ ಕೆರೆಗೆ ಬರೋ ನೀರಿನ ದಾರಿ ಮುಚ್ಚುತ್ತೆ, ಗಾಡಿದಾರಿ ಸುತ್ತಾಗುತ್ತೆ. ಆಗ "ನಾನು ಕೊಡಲ್ಲ" ಅಂದವನೂ ಒಂದು ದಿನ ಬಂದು ಸಹಿ ಹಾಕ್ತಾನೆ. ಅದನ್ನೂ ಸ್ವಇಚ್ಛೆ ಅಂತಲೇ ಬರ್ಕೋತಾರೆ!

ಇನ್ನು ಕೋಟಿ ಲೆಕ್ಕ. ಆ ದುಡ್ಡು ಸಿಗೋದು ಪಹಣಿಯಲ್ಲಿ ಹೆಸರಿದ್ದವರಿಗೆ. ಕೂಲಿಗೆ ಹೋಗೋ ಹೆಂಗಸರು, ಬೇರೆಯವರ ಹೊಲವನ್ನ ವಾರಕ್ಕೆ ಮಾಡೋರು, ಗೋಮಾಳದಲ್ಲಿ ಕುರಿ ಮೇಯಿಸೋರು, ಬಗರ್ ಹುಕುಂ ಅರ್ಜಿ ಹಿಡ್ಕೊಂಡು ವರ್ಷಗಟ್ಟಲೆ ತಾಲ್ಲೂಕು ಕಚೇರಿ ಅಲೆಯೋರು, ಇವರ ಹೆಸರು ಯಾವ ಕಾಲಂನಲ್ಲಿದೆ? ಇವರು ಕಮ್ಮಿ ಖರ್ಚಲ್ಲಿ ಬದುಕ್ತಾ ಇರೋದು ಊರು ಇದೆ ಅನ್ನೋ ಒಂದೇ ಕಾರಣಕ್ಕೆ. ಬಾಡಿಗೆ ಇಲ್ಲದ ಸಣ್ಣ ಮನೆ, ಹಿತ್ತಲ ಸೊಪ್ಪು, ಸಾಲ ಕೊಡೋ ಪಕ್ಕದ ಮನೆಯವರು. ಏರ್‌ಪೋರ್ಟ್ ಪಕ್ಕ ಅದೇ ಬದುಕನ್ನ ದುಡ್ಡು ಕೊಟ್ಟು ಕಟ್ಟಿಕೊಳ್ಳೋಕೆ ಯಾವ ಪರಿಹಾರ ಸಾಕಾಗುತ್ತೆ ಹೇಳಿ?

"ಹಾಗಾದ್ರೆ ಅಭಿವೃದ್ಧಿ ಬೇಡ್ವಾ?" ಅಂತ ಕೇಳ್ತೀರಿ. ಜಮೀನು ಕೊಡ್ತೀವಿ ಬನ್ನಿ ಅಂತ ಆಂಧ್ರದ ನಾರಾ ಲೋಕೇಶ್ ಕರೆದ ತಕ್ಷಣ ನಮ್ಮಲ್ಲಿ ಎಷ್ಟು ಗಾಬರಿ! ಒಂದು ಲೆಕ್ಕ ನೋಡಿ. 2024ರ ಜನವರಿಯಲ್ಲಿ ಪ್ರಧಾನಿ ಮೋದಿ ಉದ್ಘಾಟಿಸಿದ ಬೋಯಿಂಗ್ ಕ್ಯಾಂಪಸ್ ಇದೇ ದೇವನಹಳ್ಳಿಯಲ್ಲಿದೆ. ಅದರ ವಿಸ್ತೀರ್ಣ 43 ಎಕರೆ. 1,777 ಎಕರೆಯಲ್ಲಿ ಅಂಥವು 41 ಹಿಡಿಸುತ್ತವೆ. ಕಾರ್ಖಾನೆಗೆ ಜಾಸ್ತಿ ಜಾಗ ಬೇಕು, ಒಪ್ಪೋಣ. ಆದ್ರೂ ಯಾವ ಕಂಪನಿಗೆ ಎಷ್ಟು ಅನ್ನೋದನ್ನ ಮೊದಲು ಹೇಳಿ ಆಮೇಲೆ ಕೇಳಬೇಕಲ್ವಾ?

ಕಾನೂನಿನ ತಮಾಷೆ ಬೇರೆ ಇದೆ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆ ಪ್ರಕಾರ ಖಾಸಗಿ ಕಂಪನಿಗೆ ಅಂತ ಭೂಮಿ ತಗೋಬೇಕಾದ್ರೆ ಶೇ. 80 ಜನರ ಒಪ್ಪಿಗೆ ಬೇಕು, ಸಾಮಾಜಿಕ ಪರಿಣಾಮದ ಅಧ್ಯಯನವೂ ಆಗಬೇಕು. ಭೂಮಿ ಇಲ್ಲದವರನ್ನೂ ಲೆಕ್ಕಕ್ಕೆ ತಗೊಳ್ಳೋ ಕಾಯ್ದೆ ಅದು. ನಮ್ಮ ಕೆಐಎಡಿಬಿ ನಡೆಯೋದು 1966ರ ಕಾಯ್ದೆ ಮೇಲೆ. ಅದರಲ್ಲಿ ಇವೆರಡೂ ಇಲ್ಲ. ಅದಕ್ಕೇ ಆ ದಾರಿ ಇಷ್ಟು ಸಲೀಸು!

ಬಂಗಾಳದ ಸಿಂಗೂರು ನೆನಪಿದೆಯಾ? 2006ರಲ್ಲಿ ಸುಮಾರು 1,000 ಎಕರೆ ಹೋಯಿತು, 2008ರಲ್ಲಿ ಟಾಟಾದವರು ಗುಜರಾತಿಗೆ ಹೋದರು, 2016ರಲ್ಲಿ ಸುಪ್ರೀಂ ಕೋರ್ಟ್ ಜಮೀನು ವಾಪಸ್ ಕೊಡಿಸಿತು. ಗೆದ್ದಿದ್ದು ರೈತರೇ. ಆದ್ರೆ ಕಾಂಕ್ರೀಟ್ ಬಿದ್ದ ಎಷ್ಟೋ ನೆಲ ಮೊದಲಿನಂತೆ ಉಳುಮೆಗೆ ಬರಲಿಲ್ಲ. ಭೂಮಿ ಒಮ್ಮೆ ಕೈಬಿಟ್ಟರೆ ಕೋರ್ಟೂ ಅದನ್ನ ಹಾಗೇ ತಂದುಕೊಡಲಾರದು.

ಆದ್ದರಿಂದ ನನ್ನ ವಾದ ಇಷ್ಟೇ. ಒಪ್ಪಿಗೆ ಕೇಳೋದಾದ್ರೆ ಒಬ್ಬೊಬ್ಬರನ್ನೇ ಮೂಲೆಗೆ ಕರೆದು ಕೇಳಬೇಡಿ. ಗ್ರಾಮಸಭೆ ಕರೆದು ಇಡೀ ಊರನ್ನ ಕೇಳಿ. ಪಹಣಿ ಇಲ್ಲದವರಿಗೂ ಅಲ್ಲಿ ಕೈ ಎತ್ತೋ ಹಕ್ಕಿರಲಿ. ಊರು ಬೇಡ ಅಂದ್ರೆ ಬೇಡ.

ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಕಡೆಯ ಬ್ಲಾಗ್ ಗೆಳೆಯರೇ, ನಿಮ್ಮೂರಲ್ಲಿ ಮೊದಲು ಜಮೀನು ಕೊಟ್ಟವರ ಪಕ್ಕದ ಹೊಲದವರು ಈಗೇನು ಮಾಡ್ತಿದ್ದಾರೆ? ವಿಚಾರಿಸಿ ಬರೀರಿ. ನನ್ನ ವಾದ ತಪ್ಪು ಅನ್ನಿಸಿದ್ರೂ ಬರೀರಿ, ಜಗಳ ಆಡೋಣ.