ನೆಲದ ಪ್ರಶ್ನೆಯೂ ದೇಹದ ಪ್ರಶ್ನೆಯೂ



ಈ ಪುಸ್ತಿಕೆಗಳಲ್ಲಿ ನಾವು ಶಾಲೆಯ ಮಾತನ್ನೂ ಕಚೇರಿಯ ಮಾತನ್ನೂ ಮಹಾಜನ ವರದಿಯ ಮಾತನ್ನೂ ಆಡುತ್ತ ಬಂದಿದ್ದೇವೆ. ಈ ಸಲ ಸಕ್ಕರೆ ಕಾಯಿಲೆ ಮತ್ತು ಹೃದ್ರೋಗಗಳ ಮಾತನ್ನೆತ್ತಿದರೆ, ಸಮಿತಿಯು ತನ್ನ ದಾರಿಯನ್ನು ಬಿಟ್ಟಿತೆಂದು ಯಾರೂ ಭಾವಿಸಬಾರದು. ನೆಲದ ಪ್ರಶ್ನೆಯ ಇತ್ಯರ್ಥಕ್ಕಾಗಿ ನಾವು 1956ರಿಂದ ಕಾದಿದ್ದೇವೆ. ದೇಹದ ಪ್ರಶ್ನೆ ಹಾಗೆ ಕಾಯುವುದಿಲ್ಲ.

ಅಮೆರಿಕದ ಅರಿಜೋನಾ ಪ್ರಾಂತದಲ್ಲಿ, ಗಿಲಾ ನದಿಯ ದಂಡೆಯಲ್ಲಿ, ಪೀಮಾ ಎಂಬ ಮೂಲನಿವಾಸಿಗಳಿದ್ದಾರೆ. ಅವರು ತಮ್ಮನ್ನು ಕರೆದುಕೊಳ್ಳುವ ಹೆಸರಿಗೆ ‘ನದಿಯ ಜನ’ ಎಂದರ್ಥ. ಕಾಲುವೆ ತೋಡಿ ಮೆಕ್ಕೆಜೋಳ, ಕಾಳು, ಹತ್ತಿಗಳನ್ನು ಬೆಳೆದು ಬಾಳಿದ ಒಕ್ಕಲುಮಕ್ಕಳು ಅವರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಹೊರಗಿನಿಂದ ಬಂದು ಮೇಲ್ದಂಡೆಯಲ್ಲಿ ನೆಲಸಿದವರು ನದಿಯ ನೀರನ್ನು ತಿರುಗಿಸಿಕೊಂಡರು. ಇವರ ಹೊಲಗಳು ಒಣಗಿದವು. ಬೆಳೆದು ಉಣ್ಣುತ್ತಿದ್ದವರ ಪಾಲಿಗೆ ಮುಂದೆ ಬಿಳಿಹಿಟ್ಟು, ಸಕ್ಕರೆ, ಹಂದಿಯ ಕೊಬ್ಬು ಬಂದವು. ಮೈಮುರಿವ ದುಡಿಮೆ ತಪ್ಪಿತು. ಇವರ ರಕ್ತಸಂಬಂಧಿಗಳಾದರೋ ಗಡಿಯಾಚೆ ಮೆಕ್ಸಿಕೋದ ಬೆಟ್ಟಗಳಲ್ಲಿ ಹಳೆಯ ಬೇಸಾಯದಲ್ಲಿಯೇ ಉಳಿದಿದ್ದರು. ಇಬ್ಬರನ್ನೂ ಹೋಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅಮೆರಿಕದ ಪೀಮಾ ವಯಸ್ಕರಲ್ಲಿ ನೂರಕ್ಕೆ 38 ಮಂದಿಗೆ ಸಕ್ಕರೆ ಕಾಯಿಲೆ. ಮೆಕ್ಸಿಕೋದವರಲ್ಲಿ ನೂರಕ್ಕೆ 7 ಮಂದಿಗೂ ಇಲ್ಲ. ರೋಗಕ್ಕೆ ಒಲಿಯುವ ಗುಣ ರಕ್ತದಲ್ಲಿದ್ದೀತು. ಅದನ್ನು ರೋಗವಾಗಿ ಬೆಳೆಸಿದ್ದು ಬದಲಾದ ಬಾಳುವೆ.

ಈ ಕಥೆ ನಮಗೆ ದೂರದ್ದಲ್ಲ. ನಾವು ಭಾರತೀಯರು ಮೈಯಲ್ಲಿ ಬಡಕಲಾಗಿ ಕಂಡರೂ ಹೊಟ್ಟೆಯೊಳಗೆ ಕೊಬ್ಬು ಕೂಡಿಸುವವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ 10 ಕೋಟಿಗೂ ಮಿಕ್ಕಿ ಸಕ್ಕರೆ ಕಾಯಿಲೆಯವರಿದ್ದಾರೆಂದು ಅಂದಾಜು ಮಾಡಿತು. ಗೋವೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ 26, ಕೇರಳದಲ್ಲಿ ನೂರಕ್ಕೆ 25 ಮಂದಿ ಈ ರೋಗವುಳ್ಳವರು. ನಮ್ಮ ಬಂಧುಗಳು ಬಾಳುತ್ತಿರುವುದು ಈ ರಾಜ್ಯಗಳಲ್ಲಿಯೂ ಅಲ್ಲವೇ?

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದ ಶಿಶುಗಳ ತೂಕವನ್ನು ಬರೆದಿಟ್ಟಿದ್ದರು. ಅವರಲ್ಲಿ ಹಲವರನ್ನು ವೈದ್ಯರು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಕಡಮೆ ತೂಕದಿಂದ ಹುಟ್ಟಿದವರಲ್ಲಿಯೇ ಹೃದ್ರೋಗ ಹೆಚ್ಚಾಗಿ ಕಂಡುಬಂದಿತು. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಬಸುರಿ ಸೊಸೆಯ ಹಸಿವು, ಐವತ್ತು ವರ್ಷದ ಬಳಿಕ ಅವಳ ಮಗನ ಎದೆಯಲ್ಲಿ ನೋವಾಗಿ ಏಳಬಹುದು. ಆಕೆಗೆ ಮೊದಲು ಬಡಿಸುವುದು ಉಪಕಾರವಲ್ಲ, ಮನೆತನದ ರಕ್ಷಣೆ.

ಇನ್ನು ನಮ್ಮ ಊಟ. ಜತ್ತ, ಅಕ್ಕಲಕೋಟೆಗಳ ಜೋಳದ ರೊಟ್ಟಿ, ಹೊಸೂರು, ತಾಳವಾಡಿ, ಮಡಕಶಿರಾಗಳ ರಾಗಿಮುದ್ದೆ ಹಿಂದೆ ಸರಿದು, ಪಾಲಿಷ್ ಅಕ್ಕಿಯೂ ಬೇಕರಿಯ ತಿನಿಸೂ ಮುಂದೆ ಬಂದಿವೆ. ಜೋಳ ರಾಗಿಗಳು ಮದ್ದೆಂದು ನಾವು ಹೇಳುವುದಿಲ್ಲ. ಅತಿಯಾಗಿ ಉಂಡರೆ ಅವೂ ರಕ್ತದ ಸಕ್ಕರೆಯನ್ನು ಏರಿಸುವುವು. ಆದರೆ ಅವುಗಳಲ್ಲಿ ನಾರಿನಂಶ ಹೆಚ್ಚು. ತಟ್ಟೆಯಲ್ಲಿ ಅನ್ನ ತಗ್ಗಿ, ಕಾಳು ಪಲ್ಯ ಹೆಚ್ಚಲಿ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಮೆ ಸಾಕು. ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳೂ ಆ ಲೆಕ್ಕದೊಳಗೆಯೇ. ಬೀಡಿಯನ್ನೂ ಹೊಗೆಸೊಪ್ಪನ್ನೂ ಬಿಡದೆ ಹೃದಯವನ್ನು ಕಾಯುವೆವೆನ್ನುವುದು, ಬೇಲಿ ಕಿತ್ತು ಬೆಳೆ ಕಾದಂತೆ.

ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿ ನೋಡಿರಿ. ನಿಮ್ಮ ಎತ್ತರದಷ್ಟು ದಾರವನ್ನು ಕತ್ತರಿಸಿ, ಎರಡಾಗಿ ಮಡಿಸಿ ಸೊಂಟಕ್ಕೆ ಸುತ್ತಿರಿ. ಅದು ಸುತ್ತಿಗೆ ಸಾಲದೆ ಹೋದರೆ ಎಚ್ಚರಿಕೆಯ ಗಂಟೆ ಬಾರಿಸಿತೆಂದೇ ತಿಳಿಯಿರಿ. 30 ವರ್ಷ ದಾಟಿದವರ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ನೋಡುವ ಏರ್ಪಾಡು ಎಲ್ಲ ರಾಜ್ಯಗಳಲ್ಲಿಯೂ ಉಂಟು, ಕೇಳಿ ಪಡೆಯಿರಿ. ಒತ್ತಡ 140/90 ಮುಟ್ಟಿದರೆ, ಬರಿಹೊಟ್ಟೆಯ ಸಕ್ಕರೆ 126 ಮುಟ್ಟಿದರೆ ವೈದ್ಯರನ್ನು ಕಾಣಲು ತಡಮಾಡಬಾರದು. ಎದೆ ಹಿಂಡಿ, ಬೆವರಿ, ತೋಳಿಗೆ ನೋವು ಹರಿದರೆ ವಾಯುವೆಂದು ಮಲಗದೆ ಆಸ್ಪತ್ರೆಗೆ ಧಾವಿಸಬೇಕು.

ಇಲ್ಲಿಯೇ ಭಾಷೆಯ ಮಾತು ಬರುವುದು. ಗಡಿಯಾಚೆಯ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿಯನ್ನು ಕಂಡೆವು. ಬಾಳಿನುದ್ದಕ್ಕೂ ನುಂಗಬೇಕಾದ ಗುಳಿಗೆಯನ್ನು ಆಕೆ ಒಂದು ತಿಂಗಳಿಗೇ ನಿಲ್ಲಿಸಿದ್ದರು. ನಿಲ್ಲಿಸಬಾರದೆಂದು ಚೀಟಿಯಲ್ಲಿ ಬರೆದಿತ್ತು. ಬರೆದ ಭಾಷೆಯನ್ನು ಆಕೆ ಓದಲಾರರು. ದೋಷ ಆಕೆಯದೇ? ಭಾಷಾ ಅಲ್ಪಸಂಖ್ಯಾತರು ನೂರಕ್ಕೆ 15ರಿಂದ 20ರಷ್ಟಿರುವೆಡೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಹೊರಡಬೇಕೆಂದು 1961ರ ಮುಖ್ಯಮಂತ್ರಿಗಳ ಸಮ್ಮೇಳನವು ಒಪ್ಪಿತ್ತು. ಆರೋಗ್ಯದ ಸೂಚನೆಗಿಂತ ಮುಖ್ಯವಾದ ಪ್ರಕಟಣೆ ಯಾವುದು?

ಆದುದರಿಂದ ಪ್ರತಿ ಗ್ರಾಮಸಭೆಯಲ್ಲಿಯೂ ಆರೋಗ್ಯದ ಚೀಟಿ, ಫಲಕ, ಸಲಹೆಗಳು ಕನ್ನಡದಲ್ಲಿಯೂ ಬೇಕೆಂದು ಠರಾವು ಮಾಡಿ ಕಳುಹಿಸಿರಿ. ಅವು ಬರುವವರೆಗೆ, ಓದಬಲ್ಲ ಮಕ್ಕಳು ನೆರೆಮನೆಯ ಹಿರಿಯರಿಗೆ ಚೀಟಿಯನ್ನು ಓದಿ ಹೇಳಲಿ. ನಾಡು ಒಂದಾಗುವ ದಿನವನ್ನು ಕಣ್ಣಾರೆ ಕಾಣಬೇಕಾದವರು ಅಲ್ಲಿಯವರೆಗೆ ಬದುಕಿರಬೇಕಷ್ಟೆ.