ನೋವಿಲ್ಲದಾಗಲೇ ಮಾಡಿಸುವ ಪರೀಕ್ಷೆ

ಮಕ್ಕಳೇ, ಈ ವಾರದ ಅಂಕಣವನ್ನು ಅಜ್ಜಿಗೆ, ಅಮ್ಮನಿಗೆ ಓದಿ ಹೇಳಿ. ವಿಷಯ ಗರ್ಭಕಂಠದ ಕ್ಯಾನ್ಸರ್ ತಪಾಸಣೆ. ಗರ್ಭಕೋಶದ ಕೆಳತುದಿಯ ಕಿರಿದಾದ ಭಾಗಕ್ಕೆ ಗರ್ಭಕಂಠ ಎನ್ನುತ್ತಾರೆ. ಮುಜುಗರದ ಮಾತೆಂದು ಮನೆಯಲ್ಲಿ ಯಾರೂ ಇದನ್ನು ಎತ್ತುವುದಿಲ್ಲ. ಅದರ ಫಲ ನೋಡಿ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರಿಗಿಂತ ಕಡಿಮೆ.

ನಮ್ಮ ಕಡೆ ಹೆಂಗಸರು ಕೇಳುವ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ನನಗೇನೂ ತೊಂದರೆಯಿಲ್ಲ, ಪರೀಕ್ಷೆ ಯಾಕೆ?

ಬ್ಯಾಂಕಿನಲ್ಲಿ ದಿನಾ ಸಂಜೆ ನಗದು ತಾಳೆ ನೋಡುವುದು ಕಳ್ಳತನವಾಗಿದೆ ಎಂದಲ್ಲ. ವ್ಯತ್ಯಾಸವಿದ್ದರೆ ಅಂದೇ ಸಿಗಲಿ ಎಂದು. ಇದೂ ಹಾಗೆಯೇ. ಈ ಕಾಯಿಲೆಗೆ ಮೂಲ ಎಚ್‌ಪಿವಿ ಎಂಬ ವೈರಾಣು. ಅದು ತೀರ ಸಾಮಾನ್ಯ. ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಉಳಿದುಕೊಂಡು, ಸಾಮಾನ್ಯವಾಗಿ 15–20 ವರ್ಷಗಳಲ್ಲಿ ಕ್ಯಾನ್ಸರ್ ಆಗಬಹುದು. ಆ ಅವಧಿಯಲ್ಲಿ ನೋವೂ ಇರುವುದಿಲ್ಲ, ಸುಳಿವೂ ಇರುವುದಿಲ್ಲ. ರಕ್ತಸ್ರಾವ, ದುರ್ವಾಸನೆಯ ಬಿಳಿಸೆರಗು ಕಾಣುವ ಹೊತ್ತಿಗೆ ತಡವಾಗಿರಬಹುದು. ಅವು ಕಂಡರೆ ತಪಾಸಣೆಯ ದಿನಕ್ಕೆ ಕಾಯಬೇಡಿ, ಕೂಡಲೇ ವೈದ್ಯರಿಗೆ ತೋರಿಸಿ.

ಏನು ಮಾಡುತ್ತಾರೆ? ನೋಯುತ್ತದೆಯೇ?

ಸರ್ಕಾರಿ ಕೇಂದ್ರಗಳಲ್ಲಿ ಹೆಚ್ಚಾಗಿ ಮಾಡುವುದು ವಿಐಎ ಪರೀಕ್ಷೆ. ವಿನೆಗರ್‌ನಂಥ ತೆಳು ಆಮ್ಲವನ್ನು ಹತ್ತಿಯಿಂದ ಗರ್ಭಕಂಠಕ್ಕೆ ಹಚ್ಚಿ, ಒಂದು ನಿಮಿಷ ಬಿಟ್ಟು ನೋಡುತ್ತಾರೆ. ಬದಲಾದ ಜೀವಕೋಶಗಳಿದ್ದರೆ ಬಿಳಿ ಮಚ್ಚೆ ಕಾಣುತ್ತದೆ. ಕೊಯ್ಯುವುದಿಲ್ಲ, ಸೂಜಿಯಿಲ್ಲ. ಸ್ವಲ್ಪ ಇರಿಸುಮುರಿಸಾಗಬಹುದು, ಅಷ್ಟೇ. ಮುಟ್ಟಿನ ದಿನಗಳಲ್ಲಿ ಮಾತ್ರ ಬೇಡ.

ಡಾಕ್ಟರಲ್ಲ, ನರ್ಸಮ್ಮ ನೋಡಿದರೆ ನಂಬಬಹುದೇ?

ನಂಬಬಹುದು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಶುರುಮಾಡಿ, ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ ಅಧ್ಯಯನ ನಡೆಸಿದರು. ಒಂದು ಗುಂಪನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ಹೀಗೆ ಪರೀಕ್ಷಿಸಿದರು. ಆ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆಯಾಯಿತು.

ಬಿಳಿ ಮಚ್ಚೆ ಕಂಡರೆ ಕ್ಯಾನ್ಸರೇ?

ಅಲ್ಲ. ಇನ್ನೊಮ್ಮೆ ಸರಿಯಾಗಿ ನೋಡಬೇಕು ಎಂದಷ್ಟೇ ಅರ್ಥ. ಅದಕ್ಕೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ, ನ್ಯಾಮತಿ ಕಡೆಯವರಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಕಳಿಸಬಹುದು. ಕ್ಯಾನ್ಸರಿಗೆ ಮುಂಚಿನ ಹಂತವಾದರೆ, ಆ ಜಾಗವನ್ನಷ್ಟೇ ಶೀತದಿಂದಲೋ ಬಿಸಿಯಿಂದಲೋ ನಾಶ ಮಾಡಿ ಗುಣಪಡಿಸುವುದು ಸಾಧ್ಯ. ಕಳಿಸಿದ ಮೇಲೆ ಹೋಗದೆ ಸುಮ್ಮನಿದ್ದರೆ ಪರೀಕ್ಷೆ ಮಾಡಿಸಿಯೂ ವ್ಯರ್ಥ.

ಮುಟ್ಟು ನಿಂತಿದೆ, ನನಗೂ ಬೇಕೇ?

ಬೇಕು. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಇದೆ. ಮುಟ್ಟು ನಿಂತವರಲ್ಲಿ ವಿಐಎ ಸರಿಯಾಗಿ ಕಾಣದಿರಬಹುದು. ಆಗ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ ಹೇಳಬಹುದು. ಗರ್ಭಕೋಶ ತೆಗೆಸಿಕೊಂಡವರು ಆಪರೇಷನ್ನಿನ ಚೀಟಿ ಒಯ್ದು ತೋರಿಸಿ. ಕೆಲವರಲ್ಲಿ ಗರ್ಭಕಂಠವನ್ನು ಹಾಗೇ ಉಳಿಸಿರುತ್ತಾರೆ.

ಮೊಮ್ಮಗಳಿಗೆ?

ಅವಳಿಗೆ ಲಸಿಕೆ. 9ರಿಂದ 14 ವರ್ಷದೊಳಗೆ ಹಾಕಿಸುವುದು ಉತ್ತಮ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪುಣೆಯಲ್ಲಿ ತಯಾರಾದ ನಮ್ಮದೇ ದೇಶದ ಲಸಿಕೆ 2023ರಲ್ಲಿ ಬಂದಿದೆ. ಲಸಿಕೆ ಪಡೆದವಳೂ ಮುಂದೆ ತಪಾಸಣೆ ಮಾಡಿಸಬೇಕು.

ಚನ್ನಗಿರಿ ಕಡೆ ಅಡಿಕೆ ಸುಲಿತ ಮುಗಿಯಲಿ, ಹೊನ್ನಾಳಿ ಕಡೆ ಭತ್ತದ ನಾಟಿ ಆಗಲಿ, ಜಗಳೂರು ಕಡೆ ಮೆಕ್ಕೆಜೋಳ ಮನೆಗೆ ಬರಲಿ ಎಂದು ಹೆಂಗಸರು ಮುಂದೂಡುತ್ತಲೇ ಇರುತ್ತಾರೆ. ಹಾಗಾಗಿ ಮಕ್ಕಳೇ, ತಪಾಸಣೆ ಎಲ್ಲಿ, ಯಾವ ದಿನ ಎಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ಬಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಜ್ಜಂದಿರೇ, ಆ ದಿನ ನೀವೂ ಜೊತೆಗೆ ಹೊರಡಿ. ಹೊರಗೆ ಬೆಂಚಿನ ಮೇಲೆ ಕೂತಿದ್ದರೂ ಅವರಿಗೆ ಧೈರ್ಯ.